ಒಂಬತ್ತನೇ ಮೆಟ್ಟಿಲಿನ ಕುದುರೆ

ನಮ್ಮ ಕಲ್ಲು ಕಚೇರಿಗೆ ಹೊಸದಾಗಿ ಗೈಡುಗಳನ್ನು ತೆಗೆದುಕೊಳ್ಳುತ್ತಿದ್ದಾರಂತೆ. ಅವರಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದು ಆಫೀಸಿನಿಂದ ಫೋನು ಬಂತು. “ಎರಡು ಪುಟ ಸಾಕು ಸಾರ್, ಟಿಪ್ಸ್ ಥರ ಇರ್ಲಿ” ಎಂದಳು ಫೋನಿನ ಹುಡುಗಿ. ಇಪ್ಪತ್ತೆರಡು ವರ್ಷ ಜನರನ್ನು ಆ ಕಟ್ಟಡದೊಳಗೆ ಸುತ್ತಿಸಿದವನ ಅನುಭವವನ್ನು ಎರಡು ಪುಟಕ್ಕೆ ಇಳಿಸುವ ಕಲೆ ನನಗೆ ಬಂದಿದ್ದರೆ, ನನ್ನ ಗುಂಪಿನವರು ಅಷ್ಟೊಂದು ಸಲ ವಾಚು ನೋಡಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಉದ್ದವಾಗಿಯೇ ಬರೆಯುತ್ತೇನೆ. ಬಡ್ತಿ, ಬೀಳ್ಕೊಡುಗೆಯ ಶಾಲು, ಹಾರ ಇವನ್ನೆಲ್ಲ ಬಿಟ್ಟಿದ್ದೇನೆ. ಈ ಕೆಲಸದಲ್ಲಿ ಯಾರೂ ಹೇಳಿಕೊಡದ ವಿಷಯ ಒಂದಿದೆ, ಅದು ಹೊಟ್ಟೆಕಿಚ್ಚು. ನನಗೆ ಅದು ಸಕ್ಕರೆ ಕಾಯಿಲೆಗಿಂತ ಮೊದಲೇ ಬಂತು. ಇನ್ನೂ ಹೋಗಿಲ್ಲ.

ಕಟ್ಟಡ ನೋಡಿರದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ಶಿವಾಜಿನಗರದಿಂದ ಹಲಸೂರಿನ ಕಡೆ ಹೋಗುವಾಗ ಸಿಗುವ ಬೂದುಗಲ್ಲಿನ ಎರಡಂತಸ್ತಿನ ಕಟ್ಟಡ ಅದು. ಬ್ರಿಟಿಷರ ದಂಡು ಬೇರೆ, ಪೇಟೆ ಬೇರೆ ಎಂದಿದ್ದ ಕಾಲದಲ್ಲಿ ದಂಡಿನ ಪುರಸಭೆ ಅಲ್ಲಿ ಕೂರುತ್ತಿತ್ತು. ಮೇಲಿನ ಹಜಾರದಲ್ಲಿ ಸಭೆ, ಕೆಳಗೆ ಗುಮಾಸ್ತರು. ನಡುವೆ ಹದಿನೆಂಟು ಕಲ್ಲಿನ ಮೆಟ್ಟಿಲು. ನಾನು ಅಲ್ಲಿಗೆ ಅಟೆಂಡರಾಗಿ ಸೇರಿದಾಗ ಇನ್ನೂ ಫೈಲುಗಳಿದ್ದವು. ಆಮೇಲೆ ಕಚೇರಿಯನ್ನು ಹೊಸ ಕಟ್ಟಡಕ್ಕೆ ಸಾಗಿಸಿದರು. ಪಾರಿವಾಳಗಳು, ಬೀಗದ ಕೈ ಗೊಂಚಲು, ನಾನು, ಜಮಾದಾರ್ ಅಂತೋಣಿ ಉಳಿದೆವು. ಖಾಲಿ ಬಿದ್ದ ಕಟ್ಟಡವನ್ನು ಶನಿವಾರ ಭಾನುವಾರ ಜನರಿಗೆ ತೋರಿಸೋಣ ಎಂದು ಯಾರೋ ಮೇಲಿನವರಿಗೆ ಹೊಳೆಯಿತು. ತೋರಿಸುವವರು ಯಾರು? ಬೀಗದ ಕೈ ಯಾರ ಹತ್ತಿರ ಇದೆಯೋ ಅವರು. ನನ್ನನ್ನು ಗೈಡು ಮಾಡಿದ್ದು ನನ್ನ ವಿದ್ಯೆಯಲ್ಲ, ಆ ಗೊಂಚಲು.

ನಾಲ್ಕು ಹಾಳೆಯ ಟಿಪ್ಪಣಿ ಕೊಟ್ಟರು. ಯಾವ ಕಲ್ಲು ಎಲ್ಲಿಯದು, ಕಮಾನು ಎಷ್ಟು, ಕಿಟಕಿ ಎಷ್ಟು. ಒಂದು ವಾರದಲ್ಲಿ ಬಾಯಿಪಾಠ ಮಾಡಿಕೊಂಡೆ. ಹೇಗೆ ತೋರಿಸಬೇಕೆಂದು ಕಲಿಸಿದವರು ಮಾತ್ರ ಅಂತೋಣಿಯವರು. ಮರ್ಫಿ ಟೌನಿನವರು, ತಮಿಳು ಮನೆಮಾತು, ನಗುವುದೆಂದರೆ ಕೈಯಿಂದ ದುಡ್ಡು ಜಾರಿದಂತೆ ಆಡುವವರು. “ಕಟ್ಟಡ ತೋರ್ಸೋನು ಕಟ್ಟಡ ನೋಡ್ಬಾರ್ದು ರಾಜಾ, ಜನರ ಮುಖ ನೋಡ್ಬೇಕು. ಬೆನ್ನು ತೋರಿಸ್ಲೇ ಬೇಡ” ಎನ್ನುತ್ತಿದ್ದರು. ಅಂದರೆ ನಾವು ಹಿಂದು ಹಿಂದಕ್ಕೆ ನಡೆಯಬೇಕು. ಬಾಗಿಲು, ಕಂಬ, ಮೆಟ್ಟಿಲು ಎಲ್ಲವೂ ಬೆನ್ನ ಹಿಂದೆ. ಹದಿನೆಂಟು ಮೆಟ್ಟಿಲನ್ನು ಹಿಮ್ಮಡಿಯಲ್ಲಿ ಎಣಿಸುತ್ತಾ, ಬಾಯಲ್ಲಿ ಚರಿತ್ರೆ ಹೇಳುತ್ತಾ ಹತ್ತಬೇಕು. ನೀವು ಈಗ ಪಕ್ಕದಲ್ಲಿ ನಿಂತು ಕೈ ತೋರಿಸುತ್ತೀರಂತೆ. ನಮಗೆ ಆ ಸುಖ ಇರಲಿಲ್ಲ.

ಆ ಮೆಟ್ಟಿಲುಗಳಲ್ಲಿ ಒಂಬತ್ತನೆಯದರಲ್ಲಿ ಒಂದು ಗುಳಿ ಇದೆ. ಬಲಗಡೆ, ಗೋಡೆಗೆ ಹತ್ತಿರ, ಅಂಗೈ ಕೂರುವಷ್ಟು. ಅಂತೋಣಿಯವರು ಅದರ ಬಗ್ಗೆ ಹೇಳಿದ್ದು ಒಂದೇ ಮಾತು: “ಒಂಬತ್ತರಲ್ಲಿ ಗುಳಿ, ಹುಷಾರು.” ನಾನು ಹುಷಾರಾಗಿರಲಿಲ್ಲ. ಮೊದಲ ದಿನವೇ ಹಿಮ್ಮಡಿ ಗುಳಿಗೆ ಸಿಕ್ಕಿ ಹತ್ತನೇ ಮೆಟ್ಟಿಲ ಮೇಲೆ ಕುಕ್ಕರಿಸಿದೆ. ಎದುರಿಗಿದ್ದ ಶಾಲೆಯ ಮಕ್ಕಳು ಇದೂ ಕಾರ್ಯಕ್ರಮದಲ್ಲಿ ಇರುವುದೆಂದುಕೊಂಡು ಚಪ್ಪಾಳೆ ಹೊಡೆದರು. ಅದು ನನಗೆ ಬಿದ್ದ ಮೊದಲ ಚಪ್ಪಾಳೆ. ಬಿದ್ದಿದ್ದಕ್ಕೇ ಬಂತಾದರೂ ಕಿವಿಗೆ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ.

ಚಪ್ಪಾಳೆಯ ರುಚಿ ಹತ್ತಿದ ಮೇಲೆ ನಾಲ್ಕು ಹಾಳೆ ಸಾಲದಾಯಿತು. ಮೇಲಿನ ಹಜಾರದಲ್ಲಿ ನಿಂತುಹೋದ ದೊಡ್ಡ ಗಡಿಯಾರ ಒಂದಿತ್ತು. “ಇದು ಲಂಡನ್ನಿಂದ ಹಡಗಿನಲ್ಲಿ ಬಂದದ್ದು, ಕೊನೆಯ ಸಭೆ ಮುಗಿದ ನಿಮಿಷಕ್ಕೆ ತಾನಾಗಿ ನಿಂತುಬಿಟ್ಟಿತು” ಎಂದು ನಾನೇ ಸೇರಿಸಿದೆ. ಜನ ‘ಓಹೋ’ ಎನ್ನುತ್ತಿದ್ದರು. ಒಂದು ಶನಿವಾರ ಗುಂಪಿನಲ್ಲಿದ್ದ ಶಿವಾಜಿನಗರದ ಮುದುಕರೊಬ್ಬರು ಕನ್ನಡಕ ಏರಿಸಿ ಗಡಿಯಾರವನ್ನೇ ನೋಡುತ್ತಾ ನಿಂತರು. “ಭಾಯ್, ಲಂಡನ್ ಗಿಂಡನ್ ಎಲ್ಲಾ ಹೋಗ್ಲಿ. ಇದರ ಒಳಗಿನ ಮಷೀನು ನಾನೇ ಹಾಕಿದ್ದು. ಸೆಲ್ ಬದಲಾಯ್ಸಿ, ಓಡ್ತದೆ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಅದರಿಂದ ಪಾಠ ಕಲಿಯಬೇಕಿತ್ತು. ನಾನು ಕಲಿತದ್ದು ಬೇರೆ: ಬದುಕಿರುವವರು ಬಂದು ಅಲ್ಲಗಳೆಯುವಂಥ ಕಥೆ ಕಟ್ಟಬಾರದು.

ಬಾಗಿಲ ಬಳಿ ಮೇಜಿನ ಮೇಲೆ ಒಂದು ಅಭಿಪ್ರಾಯ ಪುಸ್ತಕ ಇಟ್ಟಿರುತ್ತಿದ್ದೆವು. ಸಂಜೆ ಬಾಗಿಲು ಹಾಕುವ ಮುಂಚೆ ಅದನ್ನು ಓದುವುದು ನನ್ನ ಸಂಧ್ಯಾವಂದನೆ. ‘ಗೈಡ್ ಅಂಕಲ್ ಚೆನ್ನಾಗಿ ಹೇಳಿದರು, ಕುಡಿಯುವ ನೀರು ಇರಲಿಲ್ಲ’ ಎಂದಿದ್ದರೆ ಮೊದಲರ್ಧವನ್ನು ಎರಡು ಸಲ ಓದುತ್ತಿದ್ದೆ. ಯಾರಾದರೂ ‘ಮುನಿರಾಜು’ ಎಂದು ಹೆಸರು ಹಿಡಿದು ಬರೆದಿದ್ದರೆ ಕೆ.ಆರ್.ಪುರದ ಮನೆಗೆ ಹೋಗುವವರೆಗೂ ಬಸ್ಸಿನ ನೂಕುನುಗ್ಗಲು ಗೊತ್ತಾಗುತ್ತಿರಲಿಲ್ಲ. ಹೀಗೆ ಆರೇಳು ವರ್ಷ ಚೆನ್ನಾಗಿಯೇ ಹೋಯಿತು. ಆಗ ಶಾಕಿರಾ ಬಂದಳು.

ಬಂದದ್ದು ಗೈಡಾಗಿ ಅಲ್ಲ, ಗುತ್ತಿಗೆಯ ಮೇಲೆ ಕಸ ಗುಡಿಸುವುದಕ್ಕೆ. ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯವಳು. ಮನೆಯಲ್ಲಿ ದಖನಿ, ಬೀದಿಯಲ್ಲಿ ತಮಿಳು, ನಮ್ಮೊಡನೆ ಕನ್ನಡ, ಇಂಗ್ಲಿಷನ್ನು ಹಿಂದೆ ಕೆಲಸಕ್ಕಿದ್ದ ಮನೆಯಿಂದ ಎತ್ತಿಕೊಂಡು ಬಂದಿದ್ದಳು. ಬೆಳಗ್ಗೆ ಮೆಟ್ಟಿಲು ಗುಡಿಸುವಾಗ ಒಂಬತ್ತನೆಯದಕ್ಕೆ ಬಂದರೆ ಪೊರಕೆ ಕೆಳಗಿಟ್ಟು, ಒದ್ದೆ ಬಟ್ಟೆ ಹಿಂಡಿ, ಆ ಗುಳಿಯನ್ನು ಕೈಯಿಂದ ಒರೆಸುತ್ತಿದ್ದಳು. ಉಳಿದ ಹದಿನೇಳಕ್ಕೆ ಪೊರಕೆ ಮಾತ್ರ. ಕಸ ಕೂರುತ್ತದೇನೋ ಎಂದುಕೊಂಡು ನಾನು ಕೇಳಲಿಲ್ಲ. ಅಂತೋಣಿಯವರು ತಮ್ಮ ಕೊನೆಯ ಎರಡು ವರ್ಷ ಅವಳ ಜೊತೆ ಕೆಲಸ ಮಾಡಿದರು, ಅವಳಿಗೂ ‘ಒಂಬತ್ತರಲ್ಲಿ ಗುಳಿ, ಹುಷಾರು’ ಎಂದಷ್ಟೇ ಹೇಳಿದರು. ಆಮೇಲೆ ನಿವೃತ್ತರಾಗಿ, ಬೇಗನೆ ತೀರಿಕೊಂಡರು. ಈ ಮಾತು ನೆನಪಿನಲ್ಲಿರಲಿ.

ಒಂದು ಭಾನುವಾರ ಟಿನ್ ಫ್ಯಾಕ್ಟರಿ ಹತ್ತಿರ ಲಾರಿ ಕೆಟ್ಟು ನಿಂತು, ನನ್ನ ಬಸ್ಸು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಆ ದಿನ ವಿಮಾನಪುರದಿಂದ ಇಪ್ಪತ್ತು ಜನ ಬರುವುದಿತ್ತು, ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರ ಕುಟುಂಬಗಳು. ಅವರು ಬೈದುಕೊಂಡು ಹೋಗಿರುತ್ತಾರೆ ಎಂದು ನಾನು ಓಡುತ್ತಾ ಬಂದೆ. ಒಳಗೆ ಕಾಲಿಟ್ಟರೆ ನಿಶ್ಶಬ್ದ. ನನ್ನ ಗುಂಪುಗಳಲ್ಲಿ ಕೆಮ್ಮು ಇರುತ್ತಿತ್ತು, ಫೋನು ಇರುತ್ತಿತ್ತು, ಹಿಂದಿನ ಸಾಲಿನಲ್ಲಿ ಮದುವೆಯ ಮಾತು ಇರುತ್ತಿತ್ತು. ಇಂಥ ನಿಶ್ಶಬ್ದ ನಾನು ಕೇಳಿರಲಿಲ್ಲ. ಮೆಟ್ಟಿಲ ನಡುವೆ ಶಾಕಿರಾ ಮಂಡಿಯೂರಿ ಕುಳಿತಿದ್ದಳು, ಹೆಗಲ ಮೇಲೆ ಒದ್ದೆ ಬಟ್ಟೆ.

“ನಮ್ಮ ನಾನಾ, ಅಂದ್ರೆ ನಮ್ಮಮ್ಮನ ಅಪ್ಪ, ಇಲ್ಲಿ ಭಿಸ್ತಿ ಆಗಿದ್ರು” ಎನ್ನುತ್ತಿದ್ದಳು. “ತೊಗಲಿನ ಚೀಲದಲ್ಲಿ ನೀರು ತುಂಬ್ಕೊಂಡು, ಬೆನ್ನ ಮೇಲೆ ಹೊತ್ಕೊಂಡು ಮೇಲಕ್ಕೆ ಹತ್ಬೇಕು. ಬೇಸಿಗೇಲಿ ಸಾಹೇಬ್ರ ಕಿಟಕಿಗೆ ಲಾವಂಚದ ತಟ್ಟಿ ಕಟ್ತಿದ್ರಲ್ಲ, ಅದು ಒಣಗ್ಬಾರ್ದು, ದಿನವಿಡೀ ನೀರು ಎರಚ್ತಾನೇ ಇರ್ಬೇಕು. ನಾನಾಗೆ ಒಂದು ಕಾಲು ಕುಂಟು. ಕೈಯಲ್ಲಿ ಕಬ್ಬಿಣದ ಮೊನೆ ಇರೋ ಕೋಲು. ಎಂಟು ಮೆಟ್ಲು ಹತ್ತಿ ಒಂಬತ್ತನೇದ್ರಲ್ಲಿ ಕೋಲು ಊರಿ ನಿಂತ್ಕೊಂಡು ಉಸಿರು ತಗೊಳ್ಳೋರು. ದಿನಾ ಅದೇ ಜಾಗ, ಮೂವತ್ತು ವರ್ಷ. ಇದು ಅವರ ಕೋಲಿನ ಗುಳಿ. ಕೈ ಇಟ್ಟು ನೋಡಿ.”

ಇಪ್ಪತ್ತು ಜನರೂ ಸಾಲಾಗಿ ಬಗ್ಗಿ ಗುಳಿಯಲ್ಲಿ ಅಂಗೈ ಇಟ್ಟರು. ವಯಸ್ಸಾದ ಒಬ್ಬರು ಕೈ ತೆಗೆಯಲೇ ಇಲ್ಲ. ನಾನು ಬಾಗಿಲ ಬಳಿ ಬೆವರೊರೆಸಿಕೊಳ್ಳುತ್ತಾ ನಿಂತಿದ್ದೆ. ಆ ಸಂಜೆ ಪುಸ್ತಕದಲ್ಲಿ ಹನ್ನೆರಡು ಜನ ಶಾಕಿರಾ ಹೆಸರು ಬರೆದಿದ್ದರು. ಕಸ ಗುಡಿಸುವವಳ ಹೆಸರು!

ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದ ಹಾಗಾಯಿತು. ಯಾಕೆಂದು ಈಗ ಹೇಳಬಲ್ಲೆ. ನಮ್ಮದು ಕೆ.ಆರ್.ಪುರದ ಆಚೆಯ ಹಳ್ಳಿ. ನಮ್ಮಪ್ಪ ಸೊಪ್ಪು ಬೆಳೆದು ಶಿವಾಜಿನಗರದ ಮಾರ್ಕೆಟ್ಟಿಗೆ ತಂದು ಮಾರುತ್ತಿದ್ದ. ಕಲ್ಲು ಕಚೇರಿಯ ಮುಂದೆಯೇ ಸಾವಿರ ಸಲ ಹಾದುಹೋಗಿರಬಹುದು, ಒಳಗೆ ಒಂದು ದಿನವೂ ಕಾಲಿಟ್ಟವನಲ್ಲ. ನಾನು ಆ ಕಟ್ಟಡವನ್ನು ನಾಲ್ಕು ಹಾಳೆ ನೋಡಿ ಕಲಿತವನು. ಅವಳಿಗೆ ಅದು ತಾತನ ಕೋಲಿನ ಗುಳಿ. ಎಷ್ಟು ಬಾಯಿಪಾಠ ಮಾಡಿದರೂ ಅಂಥ ತಾತ ಸಿಗುವುದಿಲ್ಲವಲ್ಲ, ಅದು ನನ್ನ ಉರಿ.

ಆ ಪುಸ್ತಕ ಓದಿದವನು ನಾನೊಬ್ಬನೇ ಅಲ್ಲ. ಕಟ್ಟಡದ ದುರಸ್ತಿ ನೋಡಿಕೊಳ್ಳಲು ಆಗಷ್ಟೇ ಬಂದಿದ್ದ ವಸುಧಾ ಮೇಡಂ ಕೂಡ ಓದಿದರು. ಶಾಕಿರಾಳಿಗೂ ಕೊರಳಿಗೆ ಗೈಡಿನ ಕಾರ್ಡು ಬಂತು. ಬೆಳಗಿನ ಗುಂಪು ನನಗೆ, ಮಧ್ಯಾಹ್ನದ್ದು ಅವಳಿಗೆ. ನೌಕರಿ ಮಾತ್ರ ಗುತ್ತಿಗೆಯದೇ. ಪ್ರತಿ ವರ್ಷ ಅದು ಮುಂದುವರಿಯಬೇಕಾದರೆ ಹಿರಿಯನೆಂದು ನನ್ನ ಸಹಿ ಬೇಕಿತ್ತು. ನಾನು ಸಹಿ ಮಾಡುತ್ತಿದ್ದೆ, ಎರಡು ದಿನ ತಡ ಮಾಡಿ.

ಅವಳು ಹಿಂದು ಹಿಂದಕ್ಕೆ ನಡೆಯುತ್ತಿರಲಿಲ್ಲ. ಜನರ ಜೊತೆಯಲ್ಲೇ, ಪಕ್ಕಪಕ್ಕದಲ್ಲಿ, ಸಂತೆಗೆ ಹೊರಟವರ ಹಾಗೆ ಮಾತಾಡುತ್ತಾ ಹೋಗುತ್ತಿದ್ದಳು. ಮೆಟ್ಟಿಲಿನಲ್ಲಂತೂ ಮುಂದೆ ಹತ್ತಿಬಿಡುತ್ತಿದ್ದಳು. “ಇದು ಪದ್ಧತಿ ಅಲ್ಲ, ಬೆನ್ನು ತೋರಿಸ್ಬಾರ್ದು” ಎಂದೆ. “ಅಯ್ಯೋ ಮುನಿರಾಜಣ್ಣ, ಅವರ ಮುಖ ನೋಡ್ತಾ ನಡೆದ್ರೆ ಅವರು ನನ್ನ ಮುಖ ನೋಡ್ತಾರೆ. ಕಟ್ಟಡ ಯಾವಾಗ ನೋಡೋದು?” ಎಂದಳು. ಬೆಳಗಿನ ಗುಂಪು ಎಂಟಕ್ಕೆ ಇಳಿಯಿತು, ಮಧ್ಯಾಹ್ನದ್ದು ಮೂವತ್ತಕ್ಕೆ ಏರಿತು. ಫೋನು ಮಾಡಿದವರು, “ಶಾಕಿರಾ ಆಪಾ ಯಾವ ಟೈಮಲ್ಲಿ ಇರ್ತಾರೆ?” ಎಂದು ನನ್ನನ್ನೇ ಕೇಳುತ್ತಿದ್ದರು. ಎರಡು ಗಂಟೆಗೆ ಎಂದು ನಾನೇ ಹೇಳಬೇಕು. ಬಿಸಿತುಪ್ಪ ಅಂತಾರಲ್ಲ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕುದುರೆ ಹುಟ್ಟಿದ್ದು ಆಗ. ಅದೇ ಟಿನ್ ಫ್ಯಾಕ್ಟರಿ, ಅದೇ ಜಾಮು, ಬಸ್ಸಿನ ಕಿಟಕಿ ಪಕ್ಕ ಕೂತು ಯೋಚಿಸುತ್ತಿದ್ದೆ. ಆ ಗುಳಿ ಅವಳಪ್ಪನ ಮನೆಯ ಆಸ್ತಿಯೇ? ಅದಕ್ಕೆ ಬೇರೆ ಕಥೆ ಯಾಕಿರಬಾರದು? ಬಸ್ಸು ಹಳೆ ಮದ್ರಾಸು ರಸ್ತೆಗೆ ಹೊರಳುವಷ್ಟರಲ್ಲಿ ಕಥೆ ರೆಡಿ. ದಂಡಿನ ದೊರೆಯೊಬ್ಬ ಪಂದ್ಯ ಕಟ್ಟಿ, ಕುದುರೆಯ ಮೇಲೆ ಕೂತು ಪುರಸಭೆಯ ಮೆಟ್ಟಿಲು ಹತ್ತಿದ. ಎಂಟು ಮೆಟ್ಟಿಲು ಸಲೀಸು. ಒಂಬತ್ತರಲ್ಲಿ ಕುದುರೆ ಹಠ ಹಿಡಿದು ನಿಂತು, ಕಾಲು ಅಪ್ಪಳಿಸಿತು, ಕಲ್ಲು ಗುಳಿಬಿತ್ತು, ದೊರೆ ಪಂದ್ಯ ಸೋತ. ಸುಳ್ಳು ಹೇಳಿದರೆ ಸತ್ಯದ ತಲೆಯ ಮೇಲೆ ಹೊಡೆದ ಹಾಗಿರಬೇಕು ಅನ್ನುತ್ತಾರೆ. ಹಾಗೇ ಇತ್ತು. ಆ ಶನಿವಾರ ಹೇಳಿದೆ. ಜನ ನಕ್ಕರು, ಫೋಟೋ ತೆಗೆದುಕೊಂಡರು. ಪುಸ್ತಕದಲ್ಲಿ ಮೂರು ಕಡೆ ‘ಕುದುರೆ ಕಥೆ ಸೂಪರ್’ ಎಂದಿತ್ತು. ನನ್ನ ಹೆಸರಿರಲಿಲ್ಲ, ಆದರೂ ಕುದುರೆ ನನ್ನದೇ ತಾನೆ.

ಎರಡು ವರ್ಷ ಬೆಳಗ್ಗೆ ಕುದುರೆ, ಮಧ್ಯಾಹ್ನ ಭಿಸ್ತಿ. ಎರಡೂ ಹೊತ್ತು ಯಾರೂ ಬರುವುದಿಲ್ಲವಾದ್ದರಿಂದ ಗೊತ್ತಾಗಲಿಲ್ಲ. ಶಾಕಿರಾಳಿಗೆ ಗೊತ್ತಿತ್ತು. ಒಂದು ದಿನ ಅರ್ಧ ಟೀ ನನ್ನ ಲೋಟಕ್ಕೆ ಬಗ್ಗಿಸುತ್ತಾ, “ಏನಣ್ಣಾ, ನಮ್ಮ ನಾನಾ ಮೇಲೆ ಕುದುರೆ ಓಡಿಸ್ತಿದ್ದೀರಂತೆ?” ಎಂದು ನಕ್ಕಳು. ತಮಾಷೆಯಾಗಿಯೇ ಕೇಳಿದಳು. “ಇರ್ಲಿ ಬಿಡಮ್ಮ, ಜನಕ್ಕೆ ಎರಡೂ ಬೇಕು” ಎಂದೆ. ಅಷ್ಟಕ್ಕೆ ಬಿಟ್ಟುಬಿಟ್ಟಳು.

ಆಮೇಲೆ ಒಬ್ಬಾಕೆ ಬೆಳಗ್ಗೆ ತಾನು ನೋಡಿಹೋಗಿ, ಮಧ್ಯಾಹ್ನ ನಾದಿನಿಯನ್ನು ಕರೆತಂದಳು. ಪುಸ್ತಕದಲ್ಲಿ ಬರೆದಳು: ‘ಬೆಳಗ್ಗೆ ಕುದುರೆ, ಮಧ್ಯಾಹ್ನ ನೀರಿನವರು. ಯಾವುದು ನಿಜ?’ ಮೇಡಂ ಆಗ ಪ್ರತಿ ಮುಖ್ಯ ಜಾಗಕ್ಕೂ ಹಿತ್ತಾಳೆ ಬೋರ್ಡು ಬರೆಸುತ್ತಿದ್ದರು. ಇಬ್ಬರನ್ನೂ ಕರೆಸಿದರು.

“ಒಂದು ಗುಳಿಗೆ ಎರಡು ಬೋರ್ಡ್ ಹಾಕಕ್ಕಾಗಲ್ಲ. ನೀವು ಹೇಳಿ ಶಾಕಿರಾ” ಎಂದರು.

ಶಾಕಿರಾ ಹೇಳಿದಳು. ಮೇಡಂ ಅವಳ ತಾತನ ಹೆಸರನ್ನೂ ಕೇಳಿ ಪೆನ್ಸಿಲಿನಲ್ಲಿ ಬರೆದುಕೊಂಡರು. “ದಾಖಲೆ ಏನಾದ್ರೂ ಇದೆಯಾ? ಹಾಜರಿ ಪಟ್ಟಿ, ಫೋಟೋ, ಏನಾದ್ರೂ?”

“ನಮ್ಮಮ್ಮ ಹೇಳ್ತಿದ್ರು ಮೇಡಂ. ಸಣ್ಣೋರಿದ್ದಾಗ ಅವರಿಗೆ ಊಟ ತಗೊಂಡ್ ಬರ್ತಿದ್ರು, ಕಣ್ಣಾರೆ ನೋಡಿದೋರು. ಈಗಿಲ್ಲ.”

ಮೇಡಂ ನನ್ನ ಕಡೆ ತಿರುಗಿದರು. ಕುದುರೆ ನಾನು ಟಿನ್ ಫ್ಯಾಕ್ಟರಿ ಜಾಮಿನಲ್ಲಿ ಕಟ್ಟಿದ್ದು ಎಂದು ಹೇಳಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. “ಅಂತೋಣಿ ಜಮಾದಾರ್ರು ಹೇಳ್ತಿದ್ರು ಮೇಡಂ. ಅವರಿಗೆ ಅವರ ಹಿಂದಿನ ಜಮಾದಾರ್ರು ಹೇಳಿದ್ದಂತೆ” ಎಂದೆ. ಸತ್ತವರು ಬಂದು ಸೆಲ್ ಬದಲಾಯಿಸಿ ಎನ್ನುವುದಿಲ್ಲವಲ್ಲ. ಹೇಳಿದ ಕೂಡಲೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು.

ಶಾಕಿರಾ ನನ್ನನ್ನೇ ನೋಡಿದಳು. ಅಂತೋಣಿಯವರು ಆ ಗುಳಿಯ ಬಗ್ಗೆ ‘ಹುಷಾರು’ ಬಿಟ್ಟು ಒಂದಕ್ಷರ ಹೇಳಿದವರಲ್ಲ ಎಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತೆಂದು ನನಗೆ ಗೊತ್ತು. ಗುತ್ತಿಗೆಯ ಕಾಗದ ಆ ವಾರ ನನ್ನ ಮೇಜಿನ ಮೇಲೆ ಸಹಿಗೆ ಕಾದಿತ್ತು, ಅದು ಇಬ್ಬರಿಗೂ ಗೊತ್ತು.

“ಮುನಿರಾಜಣ್ಣ ಹಳಬರು ಮೇಡಂ” ಎಂದಳು. “ಅವರು ಹೇಳಿದ್ಮೇಲೆ ಸರಿ.”

ಮೇಡಂ ಪೆನ್ಸಿಲಿನ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಹದಿನೈದು ದಿನಕ್ಕೆ ಬೋರ್ಡು ಬಂತು: ಕುದುರೆಯ ಗೊರಸಿನ ಗುರುತು, ಮೂರು ಭಾಷೆಯಲ್ಲಿ. ಎರಡೂ ಹೊತ್ತು ಬೋರ್ಡಿನಲ್ಲಿದ್ದದ್ದನ್ನೇ ಹೇಳಬೇಕು ಎಂದು ಆದೇಶವೂ ಬಂತು. ಮೇಡಂ ಕರೆಸಿದ್ದ ದಿನವೇ ನಾನು ಗುತ್ತಿಗೆಯ ಕಾಗದಕ್ಕೆ ತಡ ಮಾಡದೆ ಸಹಿ ಹಾಕಿದ್ದೆ. ದೊಡ್ಡತನ ಎಂದುಕೊಂಡೆ!

ಗೆದ್ದೆನಲ್ಲ, ಸುಖವಾಗಿರಬೇಕಿತ್ತು. ಒಂದು ಮಧ್ಯಾಹ್ನ ಕಂಬದ ಹಿಂದೆ ನಿಂತು ಅವಳು ಕುದುರೆ ಕಥೆ ಹೇಳುವುದನ್ನು ಕೇಳಿದೆ. ನನ್ನ ಕುದುರೆಗೆ ನಾಲ್ಕು ಕಾಲು ಮಾತ್ರ ಇದ್ದವು. ಅವಳ ಕುದುರೆ ಏದುಸಿರು ಬಿಡುತ್ತಿತ್ತು, ಅದರ ಕೊರಳು ಬೆವರುತ್ತಿತ್ತು, ಮೇಲಿರುವವನ ಜಂಬಕ್ಕೆ ನಾನ್ಯಾಕೆ ಹತ್ತಲಿ ಎಂದು ಅದು ಯೋಚಿಸುತ್ತಿತ್ತು. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಸಂಜೆ ಪುಸ್ತಕದಲ್ಲಿ ಮತ್ತೆ ಶಾಕಿರಾ, ಶಾಕಿರಾ, ಶಾಕಿರಾ. ನನ್ನ ಸುಳ್ಳನ್ನೂ ನನಗಿಂತ ಚೆನ್ನಾಗಿ ಹೇಳಿದಳಲ್ಲ! ತನ್ನದೇ ಸುಳ್ಳಿನ ಬಗ್ಗೆ ಹೊಟ್ಟೆಕಿಚ್ಚು ಪಟ್ಟ ಮನುಷ್ಯ ಈ ದಂಡಿನಲ್ಲಿ ನಾನೊಬ್ಬನೇ ಇರಬೇಕು.

ಅವಳು ಜಗಳ ಮಾಡಲಿಲ್ಲ, ಮಾತು ಬಿಡಲಿಲ್ಲ, ಟೀ ಬಗ್ಗಿಸುವುದನ್ನೂ ನಿಲ್ಲಿಸಲಿಲ್ಲ. ‘ಕೈ ಇಟ್ಟು ನೋಡಿ’ ಎಂದು ಜನರಿಗೆ ಹೇಳುವುದನ್ನು ಮಾತ್ರ ಬಿಟ್ಟಳು. ಗುಡಿಸಲು ಬೇರೆಯವರು ಬಂದಿದ್ದರೂ ಬೆಳಗ್ಗೆ ಒದ್ದೆ ಬಟ್ಟೆ ಹಿಡಿದು ಆ ಗುಳಿಯನ್ನು ತಾನೇ ಒರೆಸುತ್ತಿದ್ದಳು. ನೋಡಿದಾಗಲೆಲ್ಲ ‘ನಾಟಕ’ ಎಂದು ಮನಸ್ಸಿನಲ್ಲೇ ಅಂದುಕೊಂಡು ಪಕ್ಕಕ್ಕೆ ಹೋಗುತ್ತಿದ್ದೆ. ಹೀಗೆ ಅಂದುಕೊಳ್ಳುತ್ತಲೇ ನಿವೃತ್ತನಾದೆ.

ಈ ಬರಹಕ್ಕೆ ಕೂರುವ ಮೊದಲು ಒಂದು ಸಲ ಎಲ್ಲ ನೋಡಿ ಬರೋಣವೆಂದು ಹೋದ ತಿಂಗಳು ಟಿಕೆಟ್ಟು ತೆಗೆದುಕೊಂಡು ಸಾಲಿನಲ್ಲಿ ನಿಂತೆ. ಎಲ್ಲ ಬದಲಾಗಿದೆ. ಗೋಡೆಯ ಮೇಲೆ ಕಪ್ಪು ಚುಕ್ಕಿಯ ಚೌಕಗಳು, ಫೋನು ಹಿಡಿದರೆ ಕಟ್ಟಡವೇ ಮಾತಾಡುತ್ತದೆ. ಗೈಡಿಗೆ ಕೆನ್ನೆಗೆ ಅಂಟಿದ ಮೈಕು. ಶಾಕಿರಾಳ ಕೂದಲಿಗೆ ಮೆಹಂದಿಯ ಕೆಂಪು ಬಂದಿತ್ತು. ನನ್ನನ್ನು ನೋಡಿದವಳೇ, “ಅರೆ ಮುನಿರಾಜಣ್ಣ! ನೀವ್ಯಾಕೆ ಟಿಕೆಟ್ ತಗೊಂಡ್ರಿ?” ಎಂದು ಗದರಿ, ಇಡೀ ಗುಂಪಿಗೆ “ಇವರು ನಮ್ಮ ಗುರುಗಳು. ನಂಗೆ ಕೆಲಸ ಕಲ್ಸಿದೋರು” ಎಂದು ಪರಿಚಯ ಮಾಡಿದಳು. ಅವಳು ಬೈದಿದ್ದರೆ ಸುಲಭವಾಗಿರುತ್ತಿತ್ತು.

ಒಂಬತ್ತನೇ ಮೆಟ್ಟಿಲಿನ ಹತ್ತಿರ ಎಲ್ಲರನ್ನೂ ನಿಲ್ಲಿಸಿ ಕುದುರೆಯ ಕಥೆ ಹೇಳಿದಳು. ಜನ ನಕ್ಕರು. “ಬನ್ನಿ, ಮೇಲೆ ಹೋಗೋಣ” ಎಂದು ಮುಂದೆ ಹತ್ತಿದಳು. ನಾನು ಅವಳ ಹಿಂದೆಯೇ ಇದ್ದೆ. ಇಪ್ಪತ್ತೆರಡು ವರ್ಷ ನಾನು ಆ ಮೆಟ್ಟಿಲನ್ನು ಯಾರ ಹಿಂದೆಯೂ ಹತ್ತಿದವನಲ್ಲ. ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ನನ್ನ ಮುಖ ನೋಡುವವರ ಮುಖಗಳು ಮಾತ್ರ. ಆ ದಿನ ನೋಡಿದೆ. ಶಾಕಿರಾ ಮೆಟ್ಟಿಲ ಪಕ್ಕದ ಕಂಬಿಯ ಕಟಾಂಜನ ಬಿಗಿಯಾಗಿ ಹಿಡಿದುಕೊಂಡು, ನೋಯುವ ಮಂಡಿಯನ್ನು ಕಷ್ಟಪಟ್ಟು ಎತ್ತಿ, ಎಂಟನೆಯದರಿಂದ ನೇರ ಹತ್ತನೆಯದಕ್ಕೆ ಕಾಲಿಟ್ಟಳು. ಒಂಬತ್ತನ್ನು ತುಳಿಯಲಿಲ್ಲ. ಅಷ್ಟು ವರ್ಷವೂ ತುಳಿದಿರಲಿಕ್ಕಿಲ್ಲ.

“ಅದು ಸುಳ್ಳು” ಎಂದುಬಿಟ್ಟೆ.

ಎಲ್ಲರೂ ತಿರುಗಿದರು. “ಏನಂಕಲ್?” ಎಂದ ಗಡ್ಡದ ಯುವಕನೊಬ್ಬ.

“ಇಲ್ಲಿ ಕುದುರೆಗಿದುರೆ ಯಾವ್ದೂ ಹತ್ಲಿಲ್ಲ. ನಾನೇ ಕಟ್ಟಿದ್ದು. ಟಿನ್ ಫ್ಯಾಕ್ಟರಿ ಹತ್ರ, ಬಸ್ಸಲ್ಲಿ ಕೂತ್ಕೊಂಡು.”

ಗುಂಪು ಗೊಳ್ಳೆಂದು ನಕ್ಕಿತು. “ಅಂಕಲ್, ಬೋರ್ಡಲ್ಲೇ ಬರ್ದಿದೆಯಲ್ಲ!”

“ಬೋರ್ಡೂ ನನ್ನ ಸುಳ್ಳೇ. ಅಂತೋಣಿ ಜಮಾದಾರ್ರ ಹೆಸರು ಹೇಳಿ ಹಾಕ್ಸಿದ್ದು. ಪಾಪ, ಅವರು ಏನೂ ಹೇಳಿರ್ಲಿಲ್ಲ.” ಮತ್ತೂ ನಕ್ಕರು. ಕೆಲವರು ಫೋನು ಎತ್ತಿ ಹಿಡಿದರು. ಗುರುಗಳು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡರು.

ಶಾಕಿರಾ ನಗಲಿಲ್ಲ. ಹತ್ತನೇ ಮೆಟ್ಟಿಲಲ್ಲಿ ನಿಂತು ಕೆನ್ನೆಯ ಮೈಕು ಬಿಚ್ಚಿದಳು. “ಹಂಗಾದ್ರೆ ನಿಜ ಏನಂತ ನೀವೇ ಹೇಳ್ಬಿಡಿ ಅಣ್ಣ. ನೀವೇ ಹೇಳ್ಬೇಕು” ಎಂದು ಮೈಕು ಚಾಚಿದಳು.

ನಾನು ಮೈಕು ಹಿಡಿದು, ಹಳೆಯ ಅಭ್ಯಾಸದಂತೆ ಮೆಟ್ಟಿಲಿಗೆ ಬೆನ್ನು ಮಾಡಿ, ಜನರ ಕಡೆ ತಿರುಗಿ ನಿಂತೆ. ಹಿಮ್ಮಡಿಗೆ ಗುಳಿಯ ಅಂಚು ತಾಕಿತು, ಕಾಲು ಪಕ್ಕಕ್ಕೆ ಸರಿಸಿದೆ. ಹೇಳಿದೆ. ತೊಗಲಿನ ಚೀಲ, ಲಾವಂಚದ ತಟ್ಟಿ, ಕುಂಟು ಕಾಲು, ಕಬ್ಬಿಣದ ಮೊನೆ, ಎಂಟು ಮೆಟ್ಟಿಲು ಹತ್ತಿ ಒಂಬತ್ತರಲ್ಲಿ ಉಸಿರು. ಎಲ್ಲವೂ ತಪ್ಪದೆ ಬಂತು. ನಗು ನಿಂತಿತು. ನಿಜ ಹೇಳುತ್ತೇನೆ, ಆಗಲೂ ಒಳಗೊಂದು ಮೂಲೆಯಲ್ಲಿ, ಚೆನ್ನಾಗಿ ಹೇಳುತ್ತಿದ್ದೇನೆ, ಇವತ್ತು ಇವಳಿಗಿಂತ ಚೆನ್ನಾಗಿ ಹೇಳುತ್ತಿದ್ದೇನೆ ಎಂದು ಎನಿಸುತ್ತಿತ್ತು.

ಮುಂದೆ ನಿಂತಿದ್ದ ವಯಸ್ಸಾದ ಹೆಂಗಸು ಕೇಳಿದರು, “ಅವರ ಹೆಸರೇನಪ್ಪಾ?”

ಬಾಯಿ ತೆರೆದೆ. ಹೆಸರು ಗೊತ್ತಿರಲಿಲ್ಲ. ಮರೆತದ್ದಲ್ಲ, ಗೊತ್ತೇ ಇರಲಿಲ್ಲ. ಆ ಕಥೆಯನ್ನು ಕಂಬದ ಹಿಂದೆ ನಿಂತು ಎಷ್ಟು ಸಲ ಕೇಳಿದ್ದೆನೋ, ಅವಳು ಹೆಸರು ಹೇಳಿಯೇ ಇರುತ್ತಾಳೆ. ಮೇಡಂ ಎದುರಿಗಂತೂ ನನ್ನ ಪಕ್ಕದಲ್ಲೇ ನಿಂತು ಹೇಳಿದ್ದಳು. ನಾನು ಕಿವಿಗೊಟ್ಟದ್ದು ಜನ ಎಷ್ಟು ಹೊತ್ತು ಸುಮ್ಮನಿದ್ದಾರೆ, ಎಷ್ಟು ಜೋರಾಗಿ ಚಪ್ಪಾಳೆ ಹೊಡೆಯುತ್ತಾರೆ ಎಂಬುದಕ್ಕೆ ಮಾತ್ರ. ಮೈಕಿನಲ್ಲಿ ನನ್ನ ಉಸಿರಾಟ ಹಜಾರಕ್ಕೆಲ್ಲ ಕೇಳಿಸುತ್ತಿತ್ತು. ತಿರುಗಿ ಶಾಕಿರಾಳ ಮುಖ ನೋಡಿದೆ.

ಅವಳು ಗುಳಿಯ ಕಡೆ ಕಣ್ಣು ಇಳಿಸಿದಳು. ಹೆಸರು ಹೇಳದೆ ಬಿಟ್ಟಿದ್ದರೂ ನನಗೆ ಕೇಳುವ ಹಕ್ಕಿರಲಿಲ್ಲ.

“ದಸ್ತಗೀರ್” ಎಂದಳು, ಮೈಕಿಲ್ಲದೆ. “ಭಿಸ್ತಿ ದಸ್ತಗೀರ್ ಅಂತ ಕರೀತಿದ್ರು.”

ಎಲ್ಲರಿಗೂ ಕೇಳಿಸಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಆ ವಯಸ್ಸಾದ ಹೆಂಗಸು ಕಟಾಂಜನ ಹಿಡಿದು ಬಗ್ಗಿ, ಗುಳಿಯಲ್ಲಿ ಅಂಗೈ ಇಟ್ಟರು. ಅವರ ಹಿಂದೆ ಗಡ್ಡದ ಯುವಕ. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ. ಕೊನೆಗೆ ನಾನು ಕೂತೆ. ಇಪ್ಪತ್ತೆರಡು ವರ್ಷ ಹಿಮ್ಮಡಿಯಿಂದ ಎಣಿಸಿದ ಗುಳಿಗೆ ಮೊದಲ ಸಲ ಕೈ ಇಟ್ಟೆ. ಬೆಳಗ್ಗೆ ಒರೆಸಿದ್ದ ಕಲ್ಲು ನುಣ್ಣಗಿತ್ತು. ಶಾಕಿರಾ ನನ್ನನ್ನು ಕೈ ಹಿಡಿದು ಎಬ್ಬಿಸಿದಳು. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ, “ಹುಷಾರು ಅಣ್ಣ” ಎಂದಳು.

ಹೊರಡುವಾಗ ಅಭಿಪ್ರಾಯ ಪುಸ್ತಕ ನೋಡಿದೆ. ಹುಟ್ಟುಗುಣ. ನನ್ನ ಹೆಸರಿರಲಿಲ್ಲ. ಶಾಕಿರಾಳದೂ ಇರಲಿಲ್ಲ. ನಾಲ್ಕು ಕಡೆ ‘ದಸ್ತಗೀರ್’ ಎಂದು ಬರೆದಿದ್ದರು. ನೀರು ಹೊರುತ್ತಿದ್ದ, ಯಾವತ್ತೋ ತೀರಿಹೋದ ಒಬ್ಬ ಮುದುಕನ ಮೇಲೆ ನನಗೆ ಒಂದು ಕ್ಷಣ ಹೊಟ್ಟೆ ಉರಿಯಿತು. ಉರಿಯಲಿ, ಅದು ಇನ್ನು ನನ್ನ ಜೊತೆಯಲ್ಲೇ ಹೋಗುತ್ತದೆ.

ಮಾರನೆಯ ದಿನ ಆಫೀಸಿಗೆ ಹೋಗಿ, ಬೋರ್ಡು ತೆಗೆಸಿ ಎಂದು ಅರ್ಜಿ ಕೊಟ್ಟೆ. ವಸುಧಾ ಮೇಡಂ ಈಗ ಅಲ್ಲಿಲ್ಲ. ಹೊಸಬರು ಓದಿ, “ಭಿಸ್ತಿ ಅನ್ನೋದಕ್ಕೆ ದಾಖಲೆ ಇದೆಯಾ?” ಎಂದು ಕೇಳಿದರು. ಕುದುರೆಯನ್ನು ಒಂದು ಮಾತಿಗೆ ನಂಬಿದ ಆಫೀಸು ಇದು. ಶಾಕಿರಾಳ ಹತ್ತಿರ ಆಗಲೂ ಕಾಗದವಿರಲಿಲ್ಲ, ಈಗಲೂ ಇಲ್ಲ. ಹಾಗಾಗಿ ಎರಡು ಪುಟ ಕೇಳಿದಲ್ಲಿ ಇಷ್ಟುದ್ದ ಬರೆದಿದ್ದೇನೆ. ಇದನ್ನೇ ದಾಖಲೆ ಎಂದು ಫೈಲಿಗೆ ಹಾಕಿಕೊಳ್ಳಿ. ಕುದುರೆ ಕಟ್ಟಿದವನು ನಾನು, ಕೆಳಗೆ ಸಹಿ ಮಾಡಿದ್ದೇನೆ, ಈ ಸಲ ಒಂದು ದಿನವೂ ತಡ ಮಾಡಿಲ್ಲ.

ಹೊಸದಾಗಿ ಬರುವವರೇ, ಬೋರ್ಡು ಇರುವವರೆಗೂ ಜನ ಕುದುರೆ ಎಲ್ಲಿ ಎಂದು ಕೇಳುತ್ತಾರೆ. ನೀವು ಮೆಟ್ಟಿಲು ಎಣಿಸಿಕೊಂಡು ಹತ್ತಿ. ಒಂಬತ್ತಕ್ಕೆ ನಿಲ್ಲಿ. ದಸ್ತಗೀರ್ ಎಂದು ಹೆಸರು ಹೇಳಿ, ಕೈ ಇಟ್ಟು ನೋಡಿ ಎನ್ನಿ, ಆಮೇಲೆ ಸುಮ್ಮನಿರಿ. ಚಪ್ಪಾಳೆ ಬರುವುದಿಲ್ಲ.